ಮರ್ಕೇಟರ್ ಅಂದ್ರೆ ವ್ಯಾಪಾರಿ, ಸರಿ. ಆದರೆ ನಕ್ಷೆಗೆ ಆ ಹೆಸರು ಯಾಕೆ? ಪದೇ ಪದೇ ಕೇಳುವ ಪ್ರಶ್ನೆಗಳು

ವಿಶ್ವ ಭೂಪಟದ ಮಾತು ಬಂದಾಗೆಲ್ಲ, 1569ರಲ್ಲಿ ಒಂದು ದೊಡ್ಡ ವಿಶ್ವ ನಕ್ಷೆ ಬರೆದ ಮರ್ಕೇಟರ್‌ನ ಹೆಸರು ಬರುತ್ತದೆ. ಅದರ ಹಿಂದೆಯೇ ಬೈಗುಳವೂ ಬರುತ್ತದೆ: ಆಫ್ರಿಕಾವನ್ನು ಚಿಕ್ಕದು ಮಾಡಿದ, ಯುರೋಪನ್ನು ದೊಡ್ಡದು ಮಾಡಿದ, ಜಗತ್ತಿಗೆ ಸುಳ್ಳು ಹೇಳಿದ ಅಂತ. ನನಗೆ ಆ ಮನುಷ್ಯನ ಮೇಲೂ ಅವನ ನಕ್ಷೆಯ ಮೇಲೂ ತುಂಬಾ ಗೌರವ ಇದೆ. ಹಾಗಂತ ಆ ನಕ್ಷೆಯನ್ನು ಶಾಲೆಯ ಗೋಡೆಗೆ ಹಾಕಬೇಕು ಅಂತ ನಾನು ಖಂಡಿತ ಹೇಳುವುದಿಲ್ಲ. ಯಾಕೆ ಅಂತ ಕೆಳಗಿನ ಉತ್ತರಗಳಲ್ಲಿ ಇದೆ.

ಮರ್ಕೇಟರ್ ಅನ್ನುವುದು ಮನುಷ್ಯನ ಹೆಸರಾ, ಪದವಾ?

ಎರಡೂ. ಲ್ಯಾಟಿನ್‌ನಲ್ಲಿ ಮೆರ್ಕಾಟೋರ್ ಅಂದರೆ ವ್ಯಾಪಾರಿ, ವರ್ತಕ. ಮೆರ್ಕ್ಸ್ ಅಂದರೆ ಮಾರುವ ಸರಕು. ನಾವು ದಿನಾ ಬಳಸುವ ಮಾರ್ಕೆಟ್, ಮರ್ಚೆಂಟ್, ಕಾಮರ್ಸ್ ಎಲ್ಲ ಇದೇ ಬೇರಿನಿಂದ ಬಂದವು.

ನಕ್ಷೆಗೆ ಹೆಸರು ಬಂದದ್ದು ಮಾತ್ರ ಒಬ್ಬ ಮನುಷ್ಯನಿಂದ, ಗೆರಾರ್ಡಸ್ ಮರ್ಕೇಟರ್‌ನಿಂದ. 1512ರ ಮಾರ್ಚ್ 5ರಂದು ಫ್ಲಾಂಡರ್ಸ್‌ನ ರುಪೆಲ್‌ಮಾಂಡೆ ಅನ್ನುವ ಊರಲ್ಲಿ ಹುಟ್ಟಿದ. ಆ ಊರು ಈಗ ಬೆಲ್ಜಿಯಂನಲ್ಲಿದೆ. ಮನೆತನದ ಹೆಸರು ಕ್ರೇಮರ್. ಅವರ ಭಾಷೆಯಲ್ಲಿ ಕ್ರೇಮರ್ ಅಂದರೆ ಊರೂರು ತಿರುಗಿ ಅಥವಾ ಸಣ್ಣ ಅಂಗಡಿ ಇಟ್ಟು ಸಾಮಾನು ಮಾರುವವನು. ಆಗಿನ ಯುರೋಪಿನಲ್ಲಿ ಓದಿದವರು ತಮ್ಮ ಹೆಸರನ್ನು ಲ್ಯಾಟಿನ್‌ಗೆ ತಿರುಗಿಸಿಕೊಳ್ಳುತ್ತಿದ್ದರು, ಯಾಕೆಂದರೆ ಪುಸ್ತಕ, ಪಾಠ, ಪತ್ರ ಎಲ್ಲವೂ ಆ ಭಾಷೆಯಲ್ಲೇ ನಡೆಯುತ್ತಿತ್ತು. ಹಾಗೆ ಕ್ರೇಮರ್ ಹೋಗಿ ಮರ್ಕೇಟರ್ ಆಯಿತು. ಅವನ ಗೆಳೆಯ, ಅವನಂತೆಯೇ ನಕ್ಷೆ ಮಾಡುತ್ತಿದ್ದ ಅಬ್ರಹಾಂ ಓರ್ಟೆಲಿಯಸ್ ಕೂಡ ಹುಟ್ಟಾ ಓರ್ಟೆಲ್ಸ್.

ಹಾಗಾದರೆ ಅವನೇನು ವ್ಯಾಪಾರಿ ಮನೆಯವನಾ?

ಅಲ್ಲ. ತಂದೆ ಚಪ್ಪಲಿ ಹೊಲಿಯುವವರು. ಬಡ ಕುಟುಂಬ. ಓದಿಸಿದ್ದು ಪಾದ್ರಿಯಾಗಿದ್ದ ಸಂಬಂಧಿಕರೊಬ್ಬರು. 1530ರಲ್ಲಿ ಲೂವೆನ್ ವಿಶ್ವವಿದ್ಯಾಲಯಕ್ಕೆ ಸೇರಿದ. ಅಲ್ಲಿ ಗೆಮ್ಮಾ ಫ್ರಿಸಿಯಸ್ ಅನ್ನುವ ಗಣಿತಜ್ಞನ ಕೈಕೆಳಗೆ ಲೆಕ್ಕ ಕಲಿತ, ತಾಮ್ರದ ತಗಡಿನ ಮೇಲೆ ಕೊರೆಯುವುದನ್ನು ಕಲಿತ, ಭೂಗೋಳ, ಅಂದರೆ ಗ್ಲೋಬ್, ಮಾಡುವುದನ್ನು ಕಲಿತ. ಅಕ್ಷರ ಎಷ್ಟು ಚೆನ್ನಾಗಿ ಬರೆಯುತ್ತಿದ್ದ ಅಂದರೆ, ವಾಲಿದ ಇಟಾಲಿಕ್ ಅಕ್ಷರ ಬರೆಯುವುದು ಹೇಗೆ ಅಂತ 1540ರಲ್ಲಿ ಒಂದು ಪುಸ್ತಕವನ್ನೇ ಬರೆದ. ನಕ್ಷೆಯಲ್ಲಿ ಊರ ಹೆಸರು ಓದಲು ಬರಬೇಕು ಅನ್ನುವ ಕಾಳಜಿ ಅದು.

ನಕ್ಷೆ ಮಾಡುವುದು ಅವನಿಗೆ ಹೊಟ್ಟೆಪಾಡು ಕೂಡ. ಭೂಗೋಳ ಮಾಡಿ ಮಾರಿದ, ಅಳತೆಯ ಉಪಕರಣ ಮಾಡಿ ಮಾರಿದ. 1544ರಲ್ಲಿ ಧರ್ಮವಿರೋಧಿ ಅನ್ನುವ ಆರೋಪದ ಮೇಲೆ ಹಿಡಿದು, ಹುಟ್ಟಿದೂರಿನ ಕೋಟೆಯಲ್ಲೇ ಸುಮಾರು ಏಳು ತಿಂಗಳು ಕೂಡಿಹಾಕಿದರು. ಅದೇ ಸುತ್ತಿನಲ್ಲಿ ಸಿಕ್ಕ ಬೇರೆ ಕೆಲವರಿಗೆ ಮರಣದಂಡನೆ ಆಯಿತು. ಇವನು ಬದುಕಿ ಬಂದ. 1552ರಲ್ಲಿ ಜರ್ಮನಿಯ ಡ್ಯೂಸ್‌ಬರ್ಗ್‌ಗೆ ಹೋಗಿ ನೆಲೆಸಿದ, ಸಾಯುವವರೆಗೂ ಅಲ್ಲೇ ಇದ್ದ. ಆ ದೊಡ್ಡ ನಕ್ಷೆ ಹುಟ್ಟಿದ್ದು ಅಲ್ಲಿ.

ವ್ಯಾಪಾರಿಗಳಿಗಾಗಿ ಮಾಡಿದ ನಕ್ಷೆ, ಅದಕ್ಕೇ ಆ ಹೆಸರು ಅಂತ ಓದಿದ್ದೆ. ತಪ್ಪಾ?

ತಪ್ಪು. ಹೆಸರು ಮನೆತನದ್ದು, ಅಷ್ಟೆ. 1569ರ ನಕ್ಷೆಯ ಉದ್ದನೆಯ ಲ್ಯಾಟಿನ್ ಶೀರ್ಷಿಕೆಯಲ್ಲೇ ಅದು ಯಾರಿಗಾಗಿ ಅಂತ ಬರೆದಿದೆ: ಸಮುದ್ರದಲ್ಲಿ ಹಡಗು ನಡೆಸುವವರ ಬಳಕೆಗೆ ಸರಿಪಡಿಸಿ ಹೊಂದಿಸಿದ್ದು ಅಂತ. ಈ ಮಾತನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ಮುಂದಿನ ಅರ್ಧ ಜಗಳ ಇದನ್ನು ಮರೆತದ್ದರಿಂದಲೇ ಆದದ್ದು.

ವ್ಯಾಪಾರದ ನಂಟು ಇಲ್ಲವೇ ಇಲ್ಲ ಅಂತಲ್ಲ. 1540ರಲ್ಲಿ ಅವನು ಮಾಡಿದ ಫ್ಲಾಂಡರ್ಸ್ ನಕ್ಷೆಯನ್ನು ಅಲ್ಲಿನ ವರ್ತಕರೇ ಹೇಳಿ ಮಾಡಿಸಿದ್ದು. ದೂರದ ಸಮುದ್ರಗಳಲ್ಲಿ ಓಡುತ್ತಿದ್ದ ಬಹಳಷ್ಟು ಹಡಗುಗಳಲ್ಲಿ ಇದ್ದದ್ದೂ ಮೆಣಸು, ಬಟ್ಟೆ, ಬೆಳ್ಳಿ. ಆದರೆ ಅದು ಆ ಕಾಲದ ಸಂಗತಿ. ಹೆಸರಿನ ಕಾರಣ ಅಲ್ಲ.

ಈ ನಕ್ಷೆ ನಿಜವಾಗಿ ಏನು ಮಾಡುತ್ತದೆ? ಸುಲಭವಾಗಿ ಹೇಳಿ.

ಸ್ವಲ್ಪ ತಾಳ್ಮೆ ಬೇಕು, ಇದೇ ಇಡೀ ವಿಷಯದ ತಿರುಳು.

ಹಡಗಿನವನಿಗೆ ಬೇಕಾದ್ದು ಒಂದೇ. ಇಲ್ಲಿಂದ ಅಲ್ಲಿಗೆ ಹೋಗಲು ದಿಕ್ಸೂಚಿಯ ಮುಳ್ಳಿಗೆ ಎಷ್ಟು ಡಿಗ್ರಿ ಇಟ್ಟು ಹಡಗು ತಿರುಗಿಸಬೇಕು? ದಿಕ್ಕು ಬದಲಿಸದೆ ಒಂದೇ ಕೋನದಲ್ಲಿ ಹೋಗುತ್ತಾ ಇದ್ದರೆ ಗೋಳದ ಮೇಲೆ ಆ ದಾರಿ ಸುರುಳಿಯಾಗಿ ಧ್ರುವದ ಕಡೆ ಸುತ್ತಿಕೊಳ್ಳುತ್ತದೆ. ಅದನ್ನು ರಂಬ್ ರೇಖೆ ಅನ್ನುತ್ತಾರೆ. ಪೋರ್ಚುಗಲ್‌ನ ಗಣಿತಜ್ಞ ಪೆಡ್ರೊ ನೂನೆಸ್ 1537ರಲ್ಲೇ ಇದರ ಬಗ್ಗೆ ಬರೆದಿದ್ದ. 1541ರಲ್ಲಿ ಮರ್ಕೇಟರ್ ತನ್ನ ಭೂಗೋಳದ ಮೇಲೆ ಈ ಸುರುಳಿಗಳನ್ನು ಕೊರೆದು ತೋರಿಸಿದ. ಆದರೆ ಹಡಗಿನಲ್ಲಿ ಗೋಳದ ಮೇಲೆ ಸ್ಕೇಲ್ ಇಟ್ಟು ಗೆರೆ ಎಳೆಯಲು ಆಗುವುದಿಲ್ಲ ಅಲ್ವಾ? ಕಾಗದ ಬೇಕು. ಕಾಗದದ ಮೇಲೆ ಆ ಸುರುಳಿ ನೇರ ಗೆರೆಯಾಗಬೇಕು. ಇದು ಅವನು ಬಿಡಿಸಿದ ಒಗಟು.

ಬಿಡಿಸಿದ್ದು ಹೀಗೆ. ಭೂಮಧ್ಯರೇಖೆಯ ಸುತ್ತಳತೆ ಸುಮಾರು 40,075 ಕಿಲೋಮೀಟರ್. ಮೇಲೆ ಹೋದಂತೆ ಅಕ್ಷಾಂಶದ ಸುತ್ತುಗಳು ಚಿಕ್ಕದಾಗುತ್ತವೆ. 60 ಡಿಗ್ರಿ ಅಕ್ಷಾಂಶದಲ್ಲಿ ಸುತ್ತಳತೆ ಅರ್ಧ ಮಾತ್ರ, ಸುಮಾರು 20,000 ಕಿಲೋಮೀಟರ್. ಚೌಕಾಕಾರದ ಕಾಗದದಲ್ಲಿ ಎಲ್ಲ ಸುತ್ತುಗಳನ್ನೂ ಒಂದೇ ಉದ್ದಕ್ಕೆ ಬರೆದರೆ, 60 ಡಿಗ್ರಿಯಲ್ಲಿ ನೆಲವನ್ನು ಪೂರ್ವ-ಪಶ್ಚಿಮವಾಗಿ ಎರಡು ಪಟ್ಟು ಎಳೆದಂತಾಯಿತು. ಅಷ್ಟಕ್ಕೇ ಬಿಟ್ಟರೆ ಕೋನಗಳು ಕೆಡುತ್ತವೆ, ದಿಕ್ಕು ತಪ್ಪುತ್ತದೆ. ಆಗ ಬಳಕೆಯಲ್ಲಿದ್ದ ಸಾದಾ ನಕ್ಷೆಗಳ ತೊಂದರೆ ಅದೇ. ಮರ್ಕೇಟರ್ ಏನು ಮಾಡಿದ? ಅಡ್ಡಕ್ಕೆ ಎಷ್ಟು ಎಳೆದಿದೆಯೋ ಅಲ್ಲಲ್ಲೇ ಉದ್ದಕ್ಕೂ ಅಷ್ಟೇ ಎಳೆದ. ಅಷ್ಟೇ. ಕೋನ ಉಳಿಯಿತು, ಸುರುಳಿ ನೇರವಾಯಿತು, ವಿಸ್ತೀರ್ಣ ಮಾತ್ರ ಹಾಳಾಯಿತು.

ಎಷ್ಟು ಹಾಳು ಅಂದರೆ, ಭೂಮಧ್ಯರೇಖೆಯಿಂದ 10 ಡಿಗ್ರಿವರೆಗಿನ ಪಟ್ಟಿಗೆ ಕಾಗದದಲ್ಲಿ ಎಷ್ಟು ಎತ್ತರ ಬೇಕೋ, 70ರಿಂದ 80 ಡಿಗ್ರಿವರೆಗಿನ ಪಟ್ಟಿಗೆ ಅದರ ನಾಲ್ಕು ಪಟ್ಟು ಬೇಕು. ಧ್ರುವ ತೋರಿಸಲು ಕಾಗದಕ್ಕೆ ಕೊನೆಯೇ ಇರಬಾರದು. ಅದಕ್ಕೇ ಮರ್ಕೇಟರ್ ತನ್ನ ನಕ್ಷೆಯ ಮೂಲೆಯಲ್ಲಿ ಉತ್ತರ ಧ್ರುವಕ್ಕೆ ಬೇರೆಯದೇ ಒಂದು ದುಂಡನೆಯ ಚಿತ್ರ ಬರೆದ. ಅದರ ನಡುವೆ ಒಂದು ಕಪ್ಪು ಬಂಡೆ, ಸುತ್ತ ನಾಲ್ಕು ನಡುಗಡ್ಡೆ. ಆಗ ಅಲ್ಲಿಗೆ ಯಾರೂ ಹೋಗಿರಲಿಲ್ಲ, ಕೇಳಿದ ಕಥೆ ನಂಬಿ ಬರೆದದ್ದು.

ಅವನಿಗಿಂತ ಮುಂಚೆ ಯಾರೂ ಮಾಡಿರಲಿಲ್ಲವಾ?

ಜರ್ಮನಿಯ ನ್ಯೂರೆಂಬರ್ಗ್‌ನ ಎರ್ಹಾರ್ಡ್ ಎಟ್ಸ್‌ಲಾಬ್ 1510ರ ಆಸುಪಾಸಿನಲ್ಲಿ ನೆರಳು ಗಡಿಯಾರದ ಪೆಟ್ಟಿಗೆಯ ಮುಚ್ಚಳದ ಮೇಲೆ ಇಂಥದ್ದೇ ಒಂದು ಪುಟ್ಟ ನಕ್ಷೆ ಬರೆದಿದ್ದ, ಮೇಲೆ ಹೋದಂತೆ ಅಕ್ಷಾಂಶಗಳ ನಡುವಿನ ಅಂತರ ಹೆಚ್ಚುವಂತೆ. ಇಡೀ ಜಗತ್ತನ್ನು 18 ಹಾಳೆಗಳಲ್ಲಿ, ಸುಮಾರು ಎರಡು ಮೀಟರ್ ಅಗಲಕ್ಕೆ, ಹಡಗಿನವರ ಕೆಲಸಕ್ಕೆ ಅಂತಲೇ ಬರೆದದ್ದು ಮರ್ಕೇಟರ್.

ಅವನು ಲೆಕ್ಕ ಹಾಕಿದ್ದು ಹೇಗೆ? ಆಗ ಕ್ಯಾಲ್ಕುಲಸ್ ಇರಲಿಲ್ಲವಲ್ಲ?

ಇರಲಿಲ್ಲ, ಲಾಗರಿದಂ ಕೂಡ ಇರಲಿಲ್ಲ. ತನ್ನ ಲೆಕ್ಕದ ವಿವರವನ್ನು ಅವನು ಬರೆದಿಡಲೂ ಇಲ್ಲ. ಕೈವಾರ, ಅಳತೆಪಟ್ಟಿಯಿಂದ ಮಾಡಿದ ಅಂದಾಜು ಅಂತಲೇ ಹೆಚ್ಚಿನವರ ಅಭಿಪ್ರಾಯ. ನಾವಿಕರೂ ತಕ್ಷಣ ಅದನ್ನು ಕೈಗೆತ್ತಿಕೊಳ್ಳಲಿಲ್ಲ. ಗೆರೆಗಳ ಅಂತರ ಎಷ್ಟಿಡಬೇಕು ಅಂತ ಗೊತ್ತಿಲ್ಲದೆ ಬೇರೆಯವರು ಅಂಥ ನಕ್ಷೆ ಬರೆಯುವುದಾದರೂ ಹೇಗೆ?

ಆ ಬೀಗ ತೆಗೆದವನು ಇಂಗ್ಲೆಂಡಿನ ಎಡ್ವರ್ಡ್ ರೈಟ್. ಸೀಕೆಂಟ್ ಬೆಲೆಗಳನ್ನು, ಅಂದರೆ ಆಯಾ ಅಕ್ಷಾಂಶದಲ್ಲಿ ಎಷ್ಟು ಪಟ್ಟು ಎಳೆಯಬೇಕು ಅನ್ನುವ ಸಂಖ್ಯೆಗಳನ್ನು, ಒಂದೊಂದು ನಿಮಿಷ (ಡಿಗ್ರಿಯ ಅರವತ್ತರಲ್ಲಿ ಒಂದು ಭಾಗ) ಕೋನಕ್ಕೂ ಕೂಡಿಸುತ್ತಾ ಹೋಗಿ ಕೋಷ್ಟಕ ಸಿದ್ಧಮಾಡಿ 1599ರಲ್ಲಿ ಅಚ್ಚು ಹಾಕಿಸಿದ. ಎಂಥ ಬೇಸರದ ಕೆಲಸ ನೋಡಿ, ಬರೀ ಕೂಡಿಸುವುದು, ಪುಟಗಟ್ಟಲೆ! ಆದರೆ ಅವತ್ತಿನಿಂದ ಕೋಷ್ಟಕ ನೋಡಿ ಯಾರು ಬೇಕಾದರೂ ಸರಿಯಾದ ನಕ್ಷೆ ಬರೆಯಬಹುದಾಯಿತು. ನನ್ನ ಮಟ್ಟಿಗೆ ಈ ನಕ್ಷೆಯ ಅರ್ಧ ಶ್ರೇಯಸ್ಸು ರೈಟ್‌ಗೆ ಸಲ್ಲಬೇಕು. ಹೆಸರು ಮಾತ್ರ ಒಬ್ಬನದೇ ಉಳಿಯಿತು.

1640ರ ದಶಕದಲ್ಲಿ ಹೆನ್ರಿ ಬಾಂಡ್ ಅನ್ನುವವನು ರೈಟ್‌ನ ಕೋಷ್ಟಕವನ್ನು ಟ್ಯಾಂಜೆಂಟ್‌ಗಳ ಲಾಗರಿದಂ ಕೋಷ್ಟಕದ ಪಕ್ಕ ಇಟ್ಟು ನೋಡಿದಾಗ ಎರಡೂ ಹೊಂದುತ್ತಿದ್ದವು! ಯಾಕೆ ಅಂತ ಯಾರಿಗೂ ಗೊತ್ತಿರಲಿಲ್ಲ. 1668ರಲ್ಲಿ ಜೇಮ್ಸ್ ಗ್ರೆಗರಿ ಸಾಧಿಸಿ ತೋರಿಸಿದ, ಸ್ವಲ್ಪ ದಿನದಲ್ಲೇ ಐಸಾಕ್ ಬ್ಯಾರೋ ಇನ್ನೂ ಸುಲಭದ ದಾರಿ ಕೊಟ್ಟ. ಪಿಯುಸಿಯಲ್ಲಿ ಸೀಕೆಂಟ್‌ನ ಇಂಟಿಗ್ರಲ್ ಅಂತ ಬಾಯಿಪಾಠ ಮಾಡಿರುತ್ತೀರಲ್ಲ, ಅದೇ ಇದು. ಹಡಗಿನವರ ನಕ್ಷೆಗಾಗಿ ಹುಟ್ಟಿದ ಲೆಕ್ಕ. ತರಗತಿಯಲ್ಲಿ ಈ ಕಥೆಯನ್ನೂ ಹೇಳಿದರೆ ಎಷ್ಟು ಚೆನ್ನಾಗಿರುತ್ತಿತ್ತು.

ಗಣಿತದಲ್ಲಿ ಮರ್ಕೇಟರ್ ಶ್ರೇಣಿ ಅಂತ ಇದೆ. ಅದೂ ಇವನದೇನಾ?

ಅಲ್ಲ, ಈ ಗೊಂದಲ ತುಂಬಾ ಜನರಿಗೆ ಇದೆ. ಲಾಗರಿದಂನ ಶ್ರೇಣಿ ಕೊಟ್ಟವನು ನಿಕೊಲಾಸ್ ಮರ್ಕೇಟರ್. ಒಂದು ಶತಮಾನ ಆಮೇಲೆ ಬಂದವನು. ಅವನ ಜರ್ಮನ್ ಹೆಸರು ಕೌಫ್‌ಮನ್. ಅದರ ಅರ್ಥವೂ ವ್ಯಾಪಾರಿಯೇ, ಹಾಗಾಗಿ ಅವನೂ ಲ್ಯಾಟಿನ್‌ಗೆ ತಿರುಗಿಸಿಕೊಂಡು ಮರ್ಕೇಟರ್ ಆದ. ಇಬ್ಬರೂ ಬೇರೆ ಬೇರೆ ಮನೆತನದವರು.

ಸ್ವಾರಸ್ಯ ಇರುವುದು ಇಲ್ಲಿ. ಮೇಲೆ ಹೇಳಿದ ಆ ಎರಡು ಕೋಷ್ಟಕಗಳು ನಿಜವಾಗಿ ಒಂದೇನಾ ಅನ್ನುವುದರ ಮೇಲೆ 1666ರಲ್ಲಿ ಹಣ ಕಟ್ಟಿ ಪಂಥಕ್ಕೆ ಕರೆದವನು ಇದೇ ನಿಕೊಲಾಸ್. ಒಬ್ಬ ಮರ್ಕೇಟರ್‌ನ ನಕ್ಷೆಯ ಲೆಕ್ಕದ ಮೇಲೆ ಇನ್ನೊಬ್ಬ ಮರ್ಕೇಟರ್ ಬಾಜಿ ಕಟ್ಟಿದ್ದ!

ಗ್ರೀನ್‌ಲ್ಯಾಂಡ್ ಆಫ್ರಿಕಾದಷ್ಟು ದೊಡ್ಡದಾಗಿ ಕಾಣುತ್ತದಲ್ಲ, ನಿಜವಾಗಿ ಎಷ್ಟಿದೆ?

ಗ್ರೀನ್‌ಲ್ಯಾಂಡ್ ಸುಮಾರು 21.7 ಲಕ್ಷ ಚದರ ಕಿಲೋಮೀಟರ್. ಆಫ್ರಿಕಾ ಸುಮಾರು 3 ಕೋಟಿ, ಅಂದರೆ 14 ಪಟ್ಟು. ನಮ್ಮ ಭಾರತ 32.87 ಲಕ್ಷ, ಗ್ರೀನ್‌ಲ್ಯಾಂಡ್‌ನ ಒಂದೂವರೆ ಪಟ್ಟು.

ಹತ್ತಿರದ ಉದಾಹರಣೆ ಬೇಕಾದರೆ ಕರ್ನಾಟಕವನ್ನೇ ತೆಗೆದುಕೊಳ್ಳಿ. 1,91,791 ಚದರ ಕಿಲೋಮೀಟರ್. ಐಸ್‌ಲ್ಯಾಂಡ್ ಸುಮಾರು 1,03,000. ನಾವು ಹತ್ತಿರ ಹತ್ತಿರ ಎರಡರಷ್ಟು ದೊಡ್ಡವರು. ಆದರೆ ಮರ್ಕೇಟರ್ ನಕ್ಷೆಯಲ್ಲಿ ಐಸ್‌ಲ್ಯಾಂಡ್ 65 ಡಿಗ್ರಿ ಅಕ್ಷಾಂಶದಲ್ಲಿ ಕೂತು ಐದೂವರೆ ಪಟ್ಟು ಉಬ್ಬಿದೆ, 15 ಡಿಗ್ರಿಯ ಆಸುಪಾಸಿನಲ್ಲಿರುವ ಕರ್ನಾಟಕ ಶೇಕಡಾ 7ರಷ್ಟು ಮಾತ್ರ ಹಿಗ್ಗಿದೆ. ಹಾಗಾಗಿ ಕಣ್ಣಿಗೆ ಐಸ್‌ಲ್ಯಾಂಡೇ ಕರ್ನಾಟಕದ ಎರಡೂವರೆ ಪಟ್ಟಿಗಿಂತ ದೊಡ್ಡದು.

ಹಾಗಾದರೆ ಅದು ಬಿಳಿಯರ ಕುತಂತ್ರ ಅಲ್ವಾ?

ನಕ್ಷೆ ಮಾಡಿದ ಉದ್ದೇಶದಲ್ಲಿ ಕುತಂತ್ರ ಇಲ್ಲ. ಉಬ್ಬುವುದು ಅಕ್ಷಾಂಶದ ಲೆಕ್ಕದಿಂದ, ಯಾರ ಊರು ಅಂತ ನೋಡಿ ಅಲ್ಲ. ಅಂಟಾರ್ಕ್ಟಿಕಾದಲ್ಲಿ ಯಾವ ಊರೂ ಇಲ್ಲ, ಎಲ್ಲರಿಗಿಂತ ಜಾಸ್ತಿ ಉಬ್ಬಿರುವುದು ಅದೇ.

ಆದರೆ ಬಳಸಿದ ರೀತಿಯಲ್ಲಿ ತಪ್ಪು ಖಂಡಿತ ಇದೆ, ಅದನ್ನು ಮುಚ್ಚಿಡಬಾರದು. ಹಡಗಿನ ಮೇಜಿನ ಮೇಲೆ ಇರಬೇಕಾದದ್ದನ್ನು ಶಾಲೆಗೆ, ಕಚೇರಿಗೆ, ಪುಸ್ತಕಕ್ಕೆ ತಂದು ಇದೇ ಜಗತ್ತು ಅಂತ ತೋರಿಸಿದರು. ಸಾಮ್ರಾಜ್ಯ ಕಟ್ಟಿದವರಿಗೆ ಆ ಚಿತ್ರ ಚೆನ್ನಾಗಿಯೇ ಕಂಡಿತು, ಬದಲಿಸಲು ಅವಸರವೂ ಇರಲಿಲ್ಲ. ತಲೆಮಾರುಗಟ್ಟಲೆ ಮಕ್ಕಳು ಆಫ್ರಿಕಾ ಚಿಕ್ಕದು ಅಂತಲೇ ನೋಡಿ ಬೆಳೆದರು. 2025ರಲ್ಲಿ ಆಫ್ರಿಕನ್ ಒಕ್ಕೂಟ ಈ ನಕ್ಷೆ ಬಿಟ್ಟು ಗಾತ್ರ ಸರಿಯಾಗಿ ತೋರಿಸುವ ನಕ್ಷೆ ಬಳಸಿ ಅನ್ನುವ ಚಳವಳಿಗೆ ಬೆಂಬಲ ಕೊಟ್ಟಿತು. ಆ ಬೇಡಿಕೆ ನ್ಯಾಯವಾದದ್ದು. ದೇಶಗಳ ಗಾತ್ರ, ಜನಸಂಖ್ಯೆ, ಬೆಳೆ, ಕಾಡು ಇವನ್ನೆಲ್ಲ ತೋರಿಸಲು ಮರ್ಕೇಟರ್ ಬಳಸುವುದು ಶುದ್ಧ ತಪ್ಪು, ಅದಕ್ಕೆ ಯಾವ ಸಮರ್ಥನೆಯೂ ಇಲ್ಲ.

ತಪ್ಪೇ ಇಲ್ಲದ ನಕ್ಷೆ ಮಾಡಬಹುದಲ್ಲ?

ಆಗುವುದಿಲ್ಲ. ತೆಂಗಿನ ಚಿಪ್ಪನ್ನು ಚಪ್ಪಟೆ ಮಾಡಲು ಹೋಗಿ ನೋಡಿ, ಒಡೆಯುತ್ತದೆ. ಗೋಳದ ಮೇಲ್ಮೈಯನ್ನು ಎಳೆಯದೆ, ಹರಿಯದೆ ಚಪ್ಪಟೆ ಮಾಡಲು ಸಾಧ್ಯವೇ ಇಲ್ಲ ಅನ್ನುವುದು 1827ರಲ್ಲಿ ಗಣಿತಜ್ಞ ಗೌಸ್ ಕೊಟ್ಟ ಪ್ರಮೇಯದಿಂದ ಖಚಿತವಾಯಿತು. ಕೋನ ಉಳಿಸಿಕೊಂಡರೆ ವಿಸ್ತೀರ್ಣ ಹೋಗುತ್ತದೆ, ವಿಸ್ತೀರ್ಣ ಉಳಿಸಿಕೊಂಡರೆ ಆಕಾರ ಹೋಗುತ್ತದೆ. ಏನನ್ನು ಬಿಡಬೇಕು ಅಂತ ನಾವೇ ತೀರ್ಮಾನಿಸಬೇಕು.

ಗೋಡೆಗೆ ಯಾವ ನಕ್ಷೆ ಹಾಕಲಿ?

ಈಕ್ವಲ್ ಅರ್ತ್. 2018ರಲ್ಲಿ ಬಂದದ್ದು. ಗಾತ್ರ ಸರಿಯಾಗಿದೆ, ನೋಡಲೂ ಚೆನ್ನಾಗಿದೆ, ಉಚಿತವಾಗಿ ಸಿಗುತ್ತದೆ. ಗಾಲ್-ಪೀಟರ್ಸ್ ಅಂತ ಇನ್ನೊಂದಿದೆ. ಜೇಮ್ಸ್ ಗಾಲ್ 1855ರಲ್ಲಿ ಹೇಳಿದ್ದನ್ನೇ ಆರ್ನೊ ಪೀಟರ್ಸ್ 1973ರಲ್ಲಿ ಮತ್ತೆ ಮುಂದಿಟ್ಟರು. ಅದರಲ್ಲೂ ಗಾತ್ರ ಸರಿ, ಆದರೆ ಆಫ್ರಿಕಾ ಉದ್ದಕ್ಕೆ ಜೋತುಬಿದ್ದ ಹಾಗೆ ಕಾಣುತ್ತದೆ. ವಿಂಕೆಲ್ ಟ್ರಿಪಲ್ ಎಲ್ಲದರಲ್ಲೂ ಸ್ವಲ್ಪ ಸ್ವಲ್ಪ ರಾಜಿ ಮಾಡಿಕೊಂಡದ್ದು, ನ್ಯಾಷನಲ್ ಜಿಯಾಗ್ರಫಿಕ್‌ನವರು 1998ರಿಂದ ಅದನ್ನು ಬಳಸುತ್ತಾರೆ. ಮಕ್ಕಳಿರುವ ಮನೆಗೆ ಇವೆಲ್ಲಕ್ಕಿಂತ ಒಂದು ಗೋಳ ತನ್ನಿ.

ನೇರ ಗೆರೆ ಅಂದರೆ ಹತ್ತಿರದ ದಾರಿ ತಾನೆ?

ಮರ್ಕೇಟರ್ ನಕ್ಷೆಯಲ್ಲಿ ಅಲ್ಲ. ನೇರ ಗೆರೆ ಅಂದರೆ ದಿಕ್ಕು ಬದಲಾಗದ ದಾರಿ. ಹತ್ತಿರದ ದಾರಿ ಬೇರೆ, ಅದು ಗೋಳದ ಮಹಾವೃತ್ತದ (ಗೋಳವನ್ನು ಸರಿಯಾಗಿ ಎರಡು ಹೋಳು ಮಾಡುವ ಸುತ್ತಿನ) ಮೇಲೆ ಹೋಗುತ್ತದೆ, ನಕ್ಷೆಯಲ್ಲಿ ಬಿಲ್ಲಿನಂತೆ ಬಾಗಿ ಕಾಣುತ್ತದೆ. ಕಾರವಾರದಿಂದ ಕೊಚ್ಚಿಗೆ ಹೋಗುವಷ್ಟು ದೂರಕ್ಕೆ ಎರಡರಲ್ಲೂ ವ್ಯತ್ಯಾಸ ಇಲ್ಲವೆಂದೇ ಹೇಳಬಹುದು. ಸಾಗರ ದಾಟುವಾಗ ನೂರಾರು, ಕೆಲವೊಮ್ಮೆ ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ವ್ಯತ್ಯಾಸ ಬರುತ್ತದೆ.

2021ರ ಜನವರಿಯಲ್ಲಿ ಏರ್ ಇಂಡಿಯಾದ ಮಹಿಳಾ ಪೈಲಟ್‌ಗಳು ಸ್ಯಾನ್‌ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ ಉತ್ತರ ಧ್ರುವದ ಮೇಲಿಂದ ವಿಮಾನ ತಂದರು. ಮರ್ಕೇಟರ್ ನಕ್ಷೆ ಹಿಡಿದು ಆ ದಾರಿ ತೋರಿಸಿ ನೋಡೋಣ. ಆಗುವುದಿಲ್ಲ, ಯಾಕೆಂದರೆ ಆ ನಕ್ಷೆಯಲ್ಲಿ ಧ್ರುವವೇ ಇಲ್ಲ. ಅಂಥ ನಕ್ಷೆಯನ್ನೇ ನೋಡಿ ಬೆಳೆದವರಿಗೆ ಬೆಂಗಳೂರಿನ ವಿಮಾನ ಧ್ರುವದ ಕಡೆ ಯಾಕೆ ಹೋಗಬೇಕು ಅನ್ನಿಸಿದರೆ ಅದರಲ್ಲಿ ಆಶ್ಚರ್ಯ ಇಲ್ಲ.

ಹಡಗಿನವರು ಈಗಲೂ ಬಳಸುತ್ತಾರಾ?

ಹೌದು. ಸಮುದ್ರದ ಚಾರ್ಟ್‌ಗಳು ಹೆಚ್ಚಿನವು ಇವತ್ತಿಗೂ ಮರ್ಕೇಟರ್. ದೂರ ಅಳೆಯುವ ಉಪಾಯವೂ ಅದರಲ್ಲೇ ಇದೆ: ಡಿವೈಡರ್‌ನಲ್ಲಿ ಎರಡು ಜಾಗದ ನಡುವಿನ ಅಂತರ ಹಿಡಿದು ಚಾರ್ಟಿನ ಪಕ್ಕದ ಅಕ್ಷಾಂಶದ ಪಟ್ಟಿಗೆ, ಅದೇ ಎತ್ತರದಲ್ಲಿ, ಇಟ್ಟು ನೋಡಬೇಕು. ಒಂದು ನಿಮಿಷ ಅಕ್ಷಾಂಶ ಅಂದರೆ ಒಂದು ನಾಟಿಕಲ್ ಮೈಲಿ, 1,852 ಮೀಟರ್. ಮೇಲಿನ ಅಥವಾ ಕೆಳಗಿನ ಪಟ್ಟಿಗೆ ಇಟ್ಟರೆ ಲೆಕ್ಕ ತಪ್ಪುತ್ತದೆ.

ಮೊಬೈಲಿನ ಮ್ಯಾಪ್‌ನಲ್ಲೂ ಇದೇ ಇದೆಯಂತೆ, ಯಾಕೆ?

ಅಲ್ಲಿರುವುದು ವೆಬ್ ಮರ್ಕೇಟರ್. 2005ರಲ್ಲಿ ಗೂಗಲ್ ಮ್ಯಾಪ್ಸ್ ಬಂದ ಮೇಲೆ ಎಲ್ಲೆಡೆ ಹರಡಿತು. ಕಾರಣ ಸರಳ. ಜೂಮ್ ಮಾಡಿದಾಗ ನಿಮ್ಮ ಬೀದಿಯ ಮೂಲೆ ನಿಜವಾಗಿ ಹೇಗಿದೆಯೋ ಹಾಗೇ ಕಾಣಬೇಕು. ನೇರ ಕೂಡುವ ಎರಡು ರಸ್ತೆ ಓರೆಯಾಗಿ ಕಂಡರೆ ಯಾರಿಗೆ ಬೇಕು ಆ ಮ್ಯಾಪ್? ಕೋನ ಉಳಿಯುವುದು, ಉತ್ತರ ಯಾವಾಗಲೂ ಮೇಲಿರುವುದು, ಜಗತ್ತು ಚೌಕಾಕಾರದ ತುಂಡುಗಳಾಗಿ ಒಡೆಯುವುದು, ಮೂರೂ ಇಲ್ಲಿ ಸಿಗುತ್ತವೆ. ಚೌಕ ಬರಲಿ ಅಂತಲೇ ಎರಡೂ ಕಡೆ 85.05 ಡಿಗ್ರಿಗೆ ಕತ್ತರಿಸಿದ್ದಾರೆ. ಪೂರ್ತಿ ಹಿಂದೆ ಎಳೆದಾಗ ಗಾತ್ರ ತಪ್ಪು ಕಾಣುತ್ತದೆ ಅಂತ 2018ರಲ್ಲಿ ಗೂಗಲ್‌ನವರು ಕಂಪ್ಯೂಟರಿನಲ್ಲಿ ಗೋಳ ಕಾಣುವಂತೆ ಬದಲಾಯಿಸಿದರು. ಒಳ್ಳೆಯ ಕೆಲಸ.

ಇದರಲ್ಲಿ ಜಮೀನು ಅಳೆಯಬಹುದಾ?

ಜಿಐಎಸ್ (ಕಂಪ್ಯೂಟರಿನಲ್ಲಿ ನಕ್ಷೆ ಮಾಡಿ ಲೆಕ್ಕ ಹಾಕುವುದು) ಕಲಿಯುವ ಹುಡುಗರು ದಯವಿಟ್ಟು ಗಮನ ಕೊಡಿ. ನಿಮ್ಮ ಲೇಯರ್ ಇಪಿಎಸ್‌ಜಿ 3857ರಲ್ಲಿ, ಅಂದರೆ ವೆಬ್ ಮರ್ಕೇಟರ್‌ನಲ್ಲಿ, ಇದ್ದು, ಅದರ ಮೇಲೆ ಸುಮ್ನೆ ಚಪ್ಪಟೆ ಲೆಕ್ಕದಲ್ಲಿ ವಿಸ್ತೀರ್ಣ ತೆಗೆದರೆ ಉತ್ತರ ತಪ್ಪು. ಬೆಂಗಳೂರಿನಲ್ಲಿ ಶೇಕಡಾ 5ರಿಂದ 6ರಷ್ಟು ಜಾಸ್ತಿ ಬರುತ್ತದೆ. 30-40 ಸೈಟು, ಅಂದರೆ 1,200 ಚದರ ಅಡಿ, 60-70 ಚದರ ಅಡಿ ಹೆಚ್ಚು ತೋರಿಸುತ್ತದೆ. ಬೀದರ್‌ಗೆ ಹೋದರೆ ಶೇಕಡಾ 10-11. ಒಂದು ಎಕರೆ ಹೊಲ 44 ಗುಂಟೆಯಾಗಿ ಕಾಣುತ್ತದೆ! ದೀರ್ಘಗೋಳದ (ಧ್ರುವಗಳಲ್ಲಿ ಸ್ವಲ್ಪ ಚಪ್ಪಟೆಯಾದ ಭೂಮಿಯ ಆಕಾರದ) ಮೇಲೆ ಲೆಕ್ಕ ಹಾಕುವ ಸೌಲಭ್ಯ ಕ್ಯೂಜಿಐಎಸ್‌ನಂಥ ತಂತ್ರಾಂಶದಲ್ಲಿ ಇದೆ, ಅದನ್ನು ಬಳಸಿ. ಇಲ್ಲವಾದರೆ ಯುಟಿಎಂಗೆ (ಯೂನಿವರ್ಸಲ್ ಟ್ರಾನ್ಸ್‌ವರ್ಸ್ ಮರ್ಕೇಟರ್) ಬದಲಾಯಿಸಿಕೊಂಡು ಅಳೆಯಿರಿ.

ಯುಟಿಎಂನಲ್ಲೂ ಎಂ ಅಂದರೆ ಮರ್ಕೇಟರ್ ಅಲ್ವಾ? ಅದು ಹೇಗೆ ಸರಿ?

ಅದು ಅಡ್ಡ ಮಲಗಿಸಿದ ಮರ್ಕೇಟರ್. 1772ರಲ್ಲಿ ಗಣಿತಜ್ಞ ಲ್ಯಾಂಬರ್ಟ್ ತೋರಿಸಿದ ದಾರಿ. ಭೂಮಧ್ಯರೇಖೆಯ ಬದಲು ಒಂದು ರೇಖಾಂಶವನ್ನು ನಡುಗೆರೆ ಮಾಡಿಕೊಳ್ಳುತ್ತದೆ. ಆ ಗೆರೆಯ ಹತ್ತಿರ ಹಿಗ್ಗುವುದು ತೀರಾ ಕಡಿಮೆ. ಭೂಮಿಯನ್ನು 6 ಡಿಗ್ರಿ ಅಗಲದ 60 ವಲಯಗಳಾಗಿ ಸೀಳಿ ಒಂದೊಂದಕ್ಕೂ ಬೇರೆ ನಡುಗೆರೆ ಇಟ್ಟಿದ್ದಾರೆ, ಹಾಗಾಗಿ ತಪ್ಪು ಸಾವಿರಕ್ಕೆ ಒಂದರ ಒಳಗೇ ಉಳಿಯುತ್ತದೆ.

ಕರ್ನಾಟಕದ ಬಹುಪಾಲು 43ನೇ ವಲಯದಲ್ಲಿದೆ. ಅದರ ಗಡಿ 78 ಡಿಗ್ರಿ ಪೂರ್ವ ರೇಖಾಂಶ. ಕೋಲಾರ, ಕೆಜಿಎಫ್, ಮುಳಬಾಗಿಲು ಆ ಗೆರೆಯ ಆಚೆ, 44ರಲ್ಲಿ. ಬೆಂಗಳೂರು ಈಚೆ, 43ರಲ್ಲಿ. ಎರಡೂ ಕಡೆಯ ಸರ್ವೆ ಅಂಕಿಗಳನ್ನು ವಲಯ ನೋಡದೆ ಬೆರೆಸಿದರೆ ಜಾಗ ನೂರಾರು ಕಿಲೋಮೀಟರ್ ಆಚೆ ಹೋಗಿ ಕೂರುತ್ತದೆ.

ಅಟ್ಲಾಸ್ ಅನ್ನುವ ಪದ ಕೊಟ್ಟವನೂ ಇವನೇನಾ?

ನಕ್ಷೆಗಳ ಪುಸ್ತಕಕ್ಕೆ ಆ ಹೆಸರಿಟ್ಟವನು ಇವನೇ. 1594ರ ಡಿಸೆಂಬರ್ 2ರಂದು ತೀರಿಕೊಂಡ, ಮುಂದಿನ ವರ್ಷ ಮಗ ರುಮೊಲ್ಡ್ ಪುಸ್ತಕ ಹೊರತಂದ. ಮರ್ಕೇಟರ್ ಮನಸ್ಸಿನಲ್ಲಿದ್ದ ಅಟ್ಲಾಸ್ ಗ್ರೀಕ್ ಪುರಾಣದಲ್ಲಿ ಆಕಾಶ ಹೊತ್ತು ನಿಂತವನಲ್ಲ, ಖಗೋಳ ಬಲ್ಲವನು ಅಂತ ಕಥೆಗಳಲ್ಲಿ ಬರುವ, ಉತ್ತರ ಆಫ್ರಿಕಾದ ಹಳೆಯ ರಾಜ್ಯ ಮಾರಿಟೇನಿಯಾದ ರಾಜ. ನಕ್ಷೆಗಳನ್ನು ಒಟ್ಟು ಸೇರಿಸಿ ಪುಸ್ತಕ ಮಾಡುವ ಕೆಲಸವನ್ನು 1570ರಲ್ಲೇ ಓರ್ಟೆಲಿಯಸ್ ಮಾಡಿದ್ದ, ಹೆಸರು ಮಾತ್ರ ಇವನದು ಉಳಿಯಿತು.

1569ರ ಮೂಲ ನಕ್ಷೆ ನೋಡಬೇಕು. ಎಲ್ಲಿದೆ?

ಉಳಿದಿರುವ ಪ್ರತಿಗಳು ಕೆಲವೇ. ಸ್ವಿಟ್ಜರ್‌ಲ್ಯಾಂಡಿನ ಬಾಸೆಲ್, ಪ್ಯಾರಿಸ್ ಮತ್ತು ನೆದರ್‌ಲ್ಯಾಂಡ್ಸ್‌ನ ರೋಟರ್‌ಡ್ಯಾಮ್‌ನಲ್ಲಿವೆ. ರೋಟರ್‌ಡ್ಯಾಮ್‌ನದ್ದು ಪುಸ್ತಕದ ಹಾಗೆ ಕತ್ತರಿಸಿ ಜೋಡಿಸಿದ್ದು. ಬೆಲ್ಜಿಯಂನ ಸಿಂಟ್-ನಿಕ್ಲಾಸ್‌ನಲ್ಲಿರುವ ಮರ್ಕೇಟರ್ ಸಂಗ್ರಹಾಲಯದಲ್ಲಿ ಅವನೇ ಮಾಡಿದ ಭೂಮಿಯ ಗೋಳ, ಆಕಾಶದ ಗೋಳ ಎರಡೂ ಇವೆ. ಆ ಕಡೆ ಕೆಲಸಕ್ಕೆ ಹೋಗಿರುವ ನಮ್ಮವರು ಒಂದು ಭಾನುವಾರ ಹೋಗಿ ನೋಡಬಹುದು. 1541ರ ಭೂಗೋಳದ ಮೇಲೆ ಆ ಸುರುಳಿ ಗೆರೆಗಳನ್ನು ಹುಡುಕಿ.